ಆಫೀಸಿನಲ್ಲಿ ಇಟ್ಟಿರುವ ಕೆಂಪು ಹೂವನ್ನು ನಾನು ಹಾಕಿಕೊಳ್ಳಬೇಕಾ?

ಪ್ರಶ್ನೆ: ನಾನು ಹಾಸನದ ಕಡೆಯವಳು. ಈಗ ಗಂಡ ಮತ್ತು ಮಗಳ ಜೊತೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ. ಅಕ್ಟೋಬರ್ ಕೊನೆಗೆ ನಮ್ಮ ಆಫೀಸಿನ ರಿಸೆಪ್ಷನ್‌ನಲ್ಲಿ ಕಾಗದದ ಕೆಂಪು ಹೂಗಳ ಡಬ್ಬಿ ಇಡುತ್ತಾರೆ. ಯುದ್ಧದಲ್ಲಿ ಸತ್ತವರ ನೆನಪಿಗೆ ಅಂತ ಎಲ್ಲರೂ ಕೋಟಿಗೆ ಸಿಕ್ಕಿಸಿಕೊಳ್ಳುತ್ತಾರೆ. ಹೋದ ವರ್ಷ ನಾನು ಹಾಕಿಕೊಳ್ಳಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ನನ್ನ ಗಂಡ "ನಮ್ಮನ್ನು ಆಳಿದವರ ಸೈನ್ಯಕ್ಕೆ ನಾವ್ಯಾಕೆ ಹೂ ಹಾಕಬೇಕು" ಅನ್ನುತ್ತಾರೆ. ಎಂಟು ವರ್ಷದ ಮಗಳು "ಅಮ್ಮಾ, ಶಾಲೆಗೆ ನಂಗೂ ಬೇಕು" ಅನ್ನುತ್ತಾಳೆ. ಒಬ್ಬ ಸಹೋದ್ಯೋಗಿ ಕೆಂಪಿನ ಬದಲು ಬಿಳಿ ಹೂ ಹಾಕಿದ್ದರು, ಅದೇನು? ಹಾಕಿಕೊಂಡರೆ ಏನಾದರೂ ನಿಯಮ ಇದೆಯಾ? ನಮ್ಮ ದೇಶದಲ್ಲಿ ಇಂಥದ್ದು ಇಲ್ವಾ?

ಉತ್ತರ:

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಹಾಕಿಕೊಳ್ಳಲೇಬೇಕು ಅನ್ನುವ ಕಾನೂನಿಲ್ಲ, ಹಾಕಿಕೊಳ್ಳಬಾರದು ಅನ್ನುವುದಕ್ಕೂ ಕಾರಣವಿಲ್ಲ. ಈ ಹೂ ಹಂಚುವ, ಸೈನಿಕರಿಗೆ ನೆರವಾಗುವ ರಾಯಲ್ ಬ್ರಿಟಿಷ್ ಲೀಜನ್ ಸಂಸ್ಥೆಯವರೇ ಇದು ಅವರವರ ಇಷ್ಟ ಅಂತ ಸ್ಪಷ್ಟವಾಗಿ ಹೇಳುತ್ತಾರೆ. ಹೋದ ವರ್ಷ ನೀವು ಹಾಕದೇ ಇದ್ದದ್ದು ತಪ್ಪಲ್ಲ, ಯಾರಿಗೂ ಸಮಜಾಯಿಷಿ ಕೊಡಬೇಕಾಗಿಯೂ ಇಲ್ಲ. ಆದರೆ ನನ್ನ ಅಭಿಪ್ರಾಯ ಕೇಳಿದರೆ, ಹಾಕಿಕೊಳ್ಳಿ. ಯಾರಿಗಾಗಿ ಅಂತ ತಿಳಿದು ಹಾಕಿಕೊಳ್ಳಿ. ಆ ಹೂವಿನ ಮೇಲೆ ಬ್ರಿಟಿಷರಿಗೆ ಎಷ್ಟು ಹಕ್ಕಿದೆಯೋ ನಮ್ಮವರಿಗೂ ಅಷ್ಟೇ ಇದೆ. ಇದು ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಹೂವಿನ ಕಥೆಯಿಂದ ಶುರು ಮಾಡೋಣ. ಇದು ಪಾಪ್ಪಿ. ನಾವು ಪಾಯಸಕ್ಕೆ ಹಾಕುವ ಗಸಗಸೆಯ ಕುಟುಂಬದ್ದೇ, ಆದರೆ ಜಾತಿ ಬೇರೆ, ಅಫೀಮು ತೆಗೆಯುವ ಗಿಡ ಇದಲ್ಲ. ಯುರೋಪಿನಲ್ಲಿ ಇದು ಗೋಧಿ ಹೊಲದ ಕಳೆ. ಇದರ ಬೀಜ ಮಣ್ಣಿನೊಳಗೆ ಎಷ್ಟೋ ವರ್ಷ ಸುಮ್ಮನೆ ಬಿದ್ದಿರುತ್ತದೆ, ಮಣ್ಣು ಬುಡಮೇಲಾಗಿ ಬೆಳಕು ಬಿದ್ದ ಕೂಡಲೇ ಮೊಳೆಯುತ್ತದೆ. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸಿನ ಹೊಲಗಳನ್ನು ಫಿರಂಗಿ ಗುಂಡುಗಳು, ಕಂದಕಗಳು, ಗೋರಿ ಗುಂಡಿಗಳು ಅಗೆದು ಹಾಕಿದವು. ಬೇರೆ ಗಿಡ ಮರ ಎಲ್ಲಾ ನಾಶವಾದ ಕಡೆ ಈ ಕೆಂಪು ಹೂ ಎದ್ದು ನಿಂತಿತು. ಸೈನಿಕರು ಅದನ್ನು ಕಣ್ಣಾರೆ ಕಂಡರು.

ಬೆಲ್ಜಿಯಂನ ಈಪ್ರ್ ಊರಿನ ಹತ್ತಿರ ಕೆನಡಾದ ಸೈನ್ಯದಲ್ಲಿ ಜಾನ್ ಮೆಕ್‌ಕ್ರೇ ಅನ್ನುವ ಡಾಕ್ಟರ್ ಇದ್ದರು. 1915ರ ಮೇ ತಿಂಗಳ ಮೊದಲ ವಾರ ಅವರ ಸ್ನೇಹಿತ ಅಲೆಕ್ಸಿಸ್ ಹೆಲ್ಮರ್ ಗುಂಡಿಗೆ ಸಿಕ್ಕಿ ಸತ್ತರು. ಅವರನ್ನು ಮಣ್ಣು ಮಾಡಿದ ಮೇಲೆ ಮೆಕ್‌ಕ್ರೇ ಶಿಲುಬೆಗಳ ಸಾಲಿನ ನಡುವೆ ಅರಳಿದ ಈ ಹೂಗಳ ಬಗ್ಗೆ ಒಂದು ಪದ್ಯ ಬರೆದರು. ಅದು ಆ ವರ್ಷದ ಡಿಸೆಂಬರ್‌ನಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು, ಎಲ್ಲಾ ಕಡೆ ಹಬ್ಬಿತು. ಮೆಕ್‌ಕ್ರೇ ಯುದ್ಧ ಮುಗಿಯುವುದನ್ನು ನೋಡಲಿಲ್ಲ, 1918ರ ಜನವರಿಯಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು.

ಹೂ ಬಟ್ಟೆಯ ಮೇಲೆ ಬಂದದ್ದು ಇಬ್ಬರು ಹೆಂಗಸರಿಂದ. ಅಮೆರಿಕದಲ್ಲಿ ಪಾಠ ಹೇಳುತ್ತಿದ್ದ ಮೊಯ್ನಾ ಮೈಕಲ್ 1918ರ ನವೆಂಬರ್‌ನಲ್ಲಿ ಆ ಪದ್ಯ ಓದಿ, ಇನ್ನು ಮೇಲೆ ಸತ್ತವರ ನೆನಪಿಗೆ ಯಾವಾಗಲೂ ಪಾಪ್ಪಿ ಧರಿಸುತ್ತೇನೆ ಅಂತ ನಿರ್ಧಾರ ಮಾಡಿದರು. ಫ್ರಾನ್ಸಿನ ಆನಾ ಗೆರಾನ್ ಅದನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದರು. ಯುದ್ಧದಲ್ಲಿ ಹಾಳಾದ ಊರುಗಳ ಹೆಂಗಸರು ಮಕ್ಕಳಿಂದ ಬಟ್ಟೆಯ ಹೂ ಮಾಡಿಸಿ, ಮಾರಿದ ಹಣ ಅವರಿಗೇ ಸಿಗುವ ಹಾಗೆ ಮಾಡಿದರು. ಅವರೇ ಇಂಗ್ಲೆಂಡಿಗೆ ಬಂದು, ಆಗ ತಾನೇ ಶುರುವಾಗಿದ್ದ ಬ್ರಿಟಿಷ್ ಲೀಜನ್‌ಗೆ ಈ ಯೋಚನೆ ಒಪ್ಪಿಸಿದರು. 1921ರ ನವೆಂಬರ್ 11ಕ್ಕೆ 90 ಲಕ್ಷ ಹೂಗಳನ್ನು ತಂದರು, ಎಲ್ಲಾ ಖಾಲಿಯಾದವು, 1,06,000 ಪೌಂಡ್ ಬಂತು. ಮರುವರ್ಷ ಮೇಜರ್ ಜಾರ್ಜ್ ಹೌಸನ್ ಅನ್ನುವವರು ಲಂಡನ್‌ನಲ್ಲಿ ಕೈ ಕಾಲು ಕಳೆದುಕೊಂಡ ಮಾಜಿ ಸೈನಿಕರಿಗೆ ಈ ಹೂ ಮಾಡುವ ಕೆಲಸ ಕೊಡಿಸಿದರು. ಪಾಪ್ಪಿ ಫ್ಯಾಕ್ಟರಿ ಹುಟ್ಟಿದ್ದು ಹಾಗೆ. ನನಗೆ ಈ ಕಥೆಯಲ್ಲಿ ಹಿಡಿಸುವುದು ಇದೇ. ಶುರುವಾದಾಗ ಈ ಹೂವಿನಲ್ಲಿ ಮೆರವಣಿಗೆ, ಭಾಷಣ ಏನೂ ಇರಲಿಲ್ಲ. ಗಂಡನನ್ನು ಕಳೆದುಕೊಂಡವಳಿಗೆ, ಕೈ ಕಳೆದುಕೊಂಡವನಿಗೆ ಒಂದು ಹೊತ್ತಿನ ಅನ್ನಕ್ಕೆ ದಾರಿ ಆಗಿತ್ತು.

ನವೆಂಬರ್ 11 ಯಾಕೆ ಅಂದರೆ 1918ರಲ್ಲಿ ಅವತ್ತು ಬೆಳಿಗ್ಗೆ 11 ಗಂಟೆಗೆ ಪಶ್ಚಿಮ ರಂಗದಲ್ಲಿ ಗುಂಡಿನ ಸದ್ದು ನಿಂತಿತು. 1919ರಿಂದ ಆ ಹೊತ್ತಿಗೆ ಎರಡು ನಿಮಿಷ ಮೌನ ನಿಲ್ಲುತ್ತಾರೆ. ನೀವು ಹೂ ಹಾಕಿದರೂ ಹಾಕದಿದ್ದರೂ, ಆಫೀಸಿನಲ್ಲಿ ಎಲ್ಲರೂ ಎದ್ದು ನಿಂತಾಗ ನೀವೂ ನಿಲ್ಲಿ, ಅದು ಸತ್ತವರಿಗೆ ಕೊಡುವ ಮರ್ಯಾದೆ.

ಈಗ ನಿಮ್ಮ ಗಂಡನ ಮಾತಿಗೆ ಬರುತ್ತೇನೆ. ಅವರ ಪ್ರಶ್ನೆ ಸಣ್ಣದಲ್ಲ. ನನ್ನ ಉತ್ತರ ಇರುವುದು ಆ ಈಪ್ರ್ ಊರಿನಲ್ಲೇ.

ಮೆಕ್‌ಕ್ರೇ ಪದ್ಯ ಬರೆಯುವುದಕ್ಕೆ ಒಂದು ವಾರ ಮುಂಚೆ, 1915ರ ಏಪ್ರಿಲ್ 26ರಂದು, ಅದೇ ಈಪ್ರ್ ಹತ್ತಿರ ಭಾರತೀಯ ಸೈನ್ಯದ ಲಾಹೋರ್ ಡಿವಿಜನ್ ದಾಳಿಗೆ ಇಳಿಯಿತು. ಜರ್ಮನ್ನರು ಕ್ಲೋರಿನ್ ವಿಷಾನಿಲ ಬಿಟ್ಟಿದ್ದರು. ನಮ್ಮ ಸಿಪಾಯಿಗಳ ಹತ್ತಿರ ಮುಖವಾಡ ಇರಲಿಲ್ಲ. ಆ ಗಾಳಿಯಲ್ಲೇ ಜಮಾದಾರ್ ಮೀರ್ ದಸ್ತ್ ಗಾಯಗೊಂಡ ಅಧಿಕಾರಿಗಳನ್ನು ಹೊತ್ತು ತಂದರು, ಅದಕ್ಕೆ ಅವರಿಗೆ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಅದಕ್ಕೂ ಮುಂಚೆ, 1914ರ ಅಕ್ಟೋಬರ್ 31ರಂದು, ಈಪ್ರ್ ಪಕ್ಕದ ಹೊಲ್ಲೆಬೆಕೆಯಲ್ಲಿ ಖುದಾದಾದ್ ಖಾನ್ ಅನ್ನುವ ಸಿಪಾಯಿ ಗಾಯದಲ್ಲೇ ಮಷಿನ್ ಗನ್ ಬಿಡದೆ ಹೋರಾಡಿದ್ದರು. ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸಿಪಾಯಿ ಅವರು. ಅಂದರೆ ಯಾವ ಮಣ್ಣಿನ ಹೂವನ್ನು ನಿಮ್ಮ ಸಹೋದ್ಯೋಗಿಗಳು ಎದೆಗೆ ಸಿಕ್ಕಿಸಿಕೊಳ್ಳುತ್ತಾರೋ ಅದೇ ಮಣ್ಣಿನಲ್ಲಿ ನಮ್ಮವರೂ ಬಿದ್ದಿದ್ದಾರೆ. ಈಪ್ರ್‌ನ ಮೆನಿನ್ ಗೇಟ್ ಸ್ಮಾರಕದಲ್ಲಿ ಮೈ ಸಿಗದೇ ಹೋದ 54,000ಕ್ಕೂ ಜಾಸ್ತಿ ಸೈನಿಕರ ಹೆಸರಿವೆ, ಅದರಲ್ಲಿ ಭಾರತೀಯರೂ ಇದ್ದಾರೆ. ಸಂಜೆ 8 ಗಂಟೆಗೆ ಅಲ್ಲಿ ಕಹಳೆ ಊದುತ್ತಾರಲ್ಲ, ಅದು ಅವರಿಗೂ ಸೇರಿಯೇ.

ಲೆಕ್ಕ ನೋಡಿದರೆ ಮೊದಲ ಮಹಾಯುದ್ಧಕ್ಕೆ ಭಾರತದಿಂದ ಹೊರದೇಶಗಳಿಗೆ ಹೋದ ಸೈನಿಕರು, ಕೂಲಿಯಾಳುಗಳು ಎಲ್ಲಾ ಸೇರಿ 10 ಲಕ್ಷಕ್ಕೂ ಹೆಚ್ಚು. ಸತ್ತವರು ಸುಮಾರು 74,000. ಎರಡನೇ ಮಹಾಯುದ್ಧದಲ್ಲಿ 25 ಲಕ್ಷ ಜನ ಸೇರಿದರು, ಸುಮಾರು 87,000 ಜನ ಸತ್ತರು. ಫ್ರಾನ್ಸಿನ ನ್ಯೂವ್ ಶಾಪೆಲ್ ಅನ್ನುವ ಹಳ್ಳಿಯಲ್ಲಿ, 1915ರ ಮಾರ್ಚ್‌ನಲ್ಲಿ ಭಾರತೀಯ ಸೈನ್ಯ ದೊಡ್ಡ ಕಾಳಗ ಮಾಡಿದ ಜಾಗದಲ್ಲಿ, 1927ರಲ್ಲಿ ಕಟ್ಟಿದ ದುಂಡನೆಯ ಸ್ಮಾರಕ ಇದೆ. 4,700ಕ್ಕೂ ಜಾಸ್ತಿ ಹೆಸರುಗಳು ಗೋಡೆಯ ಮೇಲಿವೆ. ಸಿಂಗ್, ಖಾನ್, ಗುರುಂಗ್, ರಾಮ್ ಅಂತ ಓದುತ್ತಾ ಹೋದರೆ ಗಂಟಲು ಕಟ್ಟುತ್ತದೆ.

ಅಷ್ಟು ದೂರ ಹೋಗಬೇಕಾಗಿಲ್ಲ. ನೀವು ಇಂಗ್ಲೆಂಡಿನಲ್ಲೇ ಇದ್ದೀರಿ, ಒಂದು ರಜೆಯಲ್ಲಿ ಬ್ರೈಟನ್‌ಗೆ ಹೋಗಿ ಬನ್ನಿ. ಅಲ್ಲಿನ ಅರಮನೆ ರಾಯಲ್ ಪೆವಿಲಿಯನ್ನನ್ನೇ 1914ರಲ್ಲಿ ಗಾಯಗೊಂಡ ಭಾರತೀಯ ಸೈನಿಕರ ಆಸ್ಪತ್ರೆ ಮಾಡಿದ್ದರು. ಮೀರ್ ದಸ್ತ್ ಪದಕ ಪಡೆದದ್ದೂ ಅಲ್ಲಿಯೇ, ರಾಜ ಐದನೇ ಜಾರ್ಜ್ ಕೈಯಿಂದ. ಅಲ್ಲಿ ತೀರಿಕೊಂಡ ಹಿಂದೂ, ಸಿಖ್ ಸೈನಿಕರನ್ನು ಊರ ಹೊರಗಿನ ಗುಡ್ಡದ ಮೇಲೆ ದಹನ ಮಾಡಿದರು. 53 ಜನ. ಆ ಜಾಗದಲ್ಲಿ 1921ರಲ್ಲಿ ಬಿಳಿ ಅಮೃತಶಿಲೆಯ ಒಂದು ಛತ್ರಿ ಕಟ್ಟಿದರು, ಹೆಸರೂ ಛತ್ರಿ ಅಂತಲೇ. ಮುಸ್ಲಿಂ ಸೈನಿಕರನ್ನು ವೋಕಿಂಗ್ ಮಸೀದಿಯ ಹತ್ತಿರ ಮಣ್ಣು ಮಾಡಿದರು. ನಿಮ್ಮ ಮಗಳಿಗೆ ಪಾಪ್ಪಿ ಏನು ಅಂತ ತಿಳಿಸುವುದಕ್ಕೆ ಆ ಗುಡ್ಡಕ್ಕಿಂತ ಒಳ್ಳೆಯ ಜಾಗ ಇಂಗ್ಲೆಂಡಿನಲ್ಲಿ ಇನ್ನೊಂದಿಲ್ಲ ಅಂತ ನನ್ನ ಭಾವನೆ.

ನಮ್ಮ ಕಡೆಯವರು ಯಾರಾದರೂ ಇದ್ದರಾ ಅಂತ ನೀವು ಕೇಳಬಹುದು. ಇದ್ದರು. ಮೈಸೂರು ಲ್ಯಾನ್ಸರ್ಸ್ ಅನ್ನುವ ಕುದುರೆ ಪಡೆ ಮೈಸೂರು ಮಹಾರಾಜರದ್ದು, ಬ್ರಿಟಿಷರ ಸೈನ್ಯದ ಭಾಗ ಅಲ್ಲ, ಸಂಸ್ಥಾನದಿಂದ ಯುದ್ಧಕ್ಕೆ ಕಳಿಸಿದ್ದು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲ್‌ನ ಹೈಫಾ ಊರನ್ನು ತುರ್ಕರಿಂದ ಬಿಡಿಸಿಕೊಂಡಾಗ ಜೋಧ್‌ಪುರದ ಸವಾರರು ಊರೊಳಗೆ ನುಗ್ಗಿದರು, ನಮ್ಮ ಮೈಸೂರಿನವರು ಕಾರ್ಮೆಲ್ ಬೆಟ್ಟದ ಕಲ್ಲು ದಾರಿ ಹತ್ತಿ ಮೇಲಿದ್ದ ಫಿರಂಗಿಗಳ ಬಾಯಿ ಮುಚ್ಚಿಸಿದರು. ಎದುರಿಗೆ ಮಷಿನ್ ಗನ್, ಇವರ ಕೈಯಲ್ಲಿ ಭರ್ಜಿ. 1,300ಕ್ಕೂ ಹೆಚ್ಚು ಜನ ಸೆರೆ ಸಿಕ್ಕರು. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ಮೂರು ಸೈನಿಕರ ಪ್ರತಿಮೆ ಇದೆಯಲ್ಲ, ಅದು ಹೈದರಾಬಾದ್, ಜೋಧ್‌ಪುರ, ಮೈಸೂರು ಪಡೆಗಳ ನೆನಪಿಗೆ. 2018ರಲ್ಲಿ ಅದಕ್ಕೆ ತೀನ್ ಮೂರ್ತಿ ಹೈಫಾ ಚೌಕ ಅಂತ ಹೆಸರಿಟ್ಟರು. ಬೆಂಗಳೂರಿನಲ್ಲಿ ಜೆ.ಸಿ. ನಗರದ ಹತ್ತಿರ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಆ ರಸ್ತೆಯಲ್ಲಿ ದಿನಾ ಓಡಾಡುವ ಎಷ್ಟೋ ಜನ ಅದನ್ನು ಒಮ್ಮೆಯೂ ನಿಂತು ನೋಡಿರುವುದಿಲ್ಲ. ಇನ್ನು ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್, ಅಂದರೆ ಸೇನೆಯ ಇಂಜಿನಿಯರ್ ಪಡೆಯವರು ಕೂಡ ಮೆಸೊಪೊಟೇಮಿಯಾಕ್ಕೆ ಹೋಗಿದ್ದರು. ಮೆಸೊಪೊಟೇಮಿಯಾ ಅಂದರೆ ಈಗಿನ ಇರಾಕ್. ನಮ್ಮವರು ಅತಿ ಹೆಚ್ಚು ಸಂಖ್ಯೆಯಲ್ಲಿ ಹೋದದ್ದು ಅಲ್ಲಿಗೆ.

"ಆದರೆ ಅವರು ಸತ್ತದ್ದು ಬ್ರಿಟಿಷರಿಗಾಗಿ ತಾನೇ?" ಅಂತ ನಿಮ್ಮ ಗಂಡ ಕೇಳುತ್ತಾರೆ. ಕೇಳಬೇಕಾದ್ದೇ. 1914ರಲ್ಲಿ ಒಬ್ಬ ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. ಹೋದವರಲ್ಲಿ ಹೆಚ್ಚಿನವರು ರೈತರ ಮಕ್ಕಳು. ಕೆಲವರು ಸಂಬಳಕ್ಕೆ ಹೋದರು, ಕೆಲವರು ಮನೆತನದ ಮಾನಕ್ಕೆ, ಯುದ್ಧದ ಕೊನೆಯ ವರ್ಷಗಳಲ್ಲಿ ಪಂಜಾಬಿನಂಥ ಕಡೆ ಬಲವಂತಕ್ಕೂ ಹೋದರು. ಯುದ್ಧ ಮುಗಿದ ಮೇಲೆ ಸಿಕ್ಕಿದ್ದೇನು? 1919ರಲ್ಲಿ ರೌಲತ್ ಕಾಯ್ದೆ, ಆಮೇಲೆ ಜಲಿಯನ್‌ವಾಲಾ ಬಾಗ್. ಸಾಮ್ರಾಜ್ಯ ಅವರಿಗೆ ಮಾಡಿದ್ದು ದ್ರೋಹ, ಇದರಲ್ಲಿ ಎರಡು ಮಾತಿಲ್ಲ. ಆದರೆ ದ್ರೋಹ ಮಾಡಿದವರ ಮೇಲಿನ ಸಿಟ್ಟಿಗೆ ದ್ರೋಹಕ್ಕೆ ಸಿಕ್ಕಿದವರನ್ನೇ ಮರೆತುಬಿಡುವುದು ಯಾವ ನ್ಯಾಯ? ಯುದ್ಧ ಯಾರದ್ದೋ ಆಗಿತ್ತು, ಸತ್ತ ಹುಡುಗ ಮಾತ್ರ ನಮ್ಮವನು. ಅವನ ತಾಯಿಗೆ ಚಕ್ರವರ್ತಿ ಯಾರು ಅನ್ನುವುದು ಮುಖ್ಯ ಆಗಿರಲಿಲ್ಲ.

ಇನ್ನೂ ಒಂದು ವಿಷಯ ಹೇಳಲೇಬೇಕು, ಇದು ನನ್ನನ್ನು ಬಹಳ ಕಾಡುವ ವಿಷಯ. ಎಲ್ಲಾ ಸತ್ತವರನ್ನೂ ಸಮವಾಗಿ ನೆನೆಯುತ್ತೇವೆ, ಪದವಿ, ಧರ್ಮ, ಬಣ್ಣ ನೋಡುವುದಿಲ್ಲ ಅನ್ನುವುದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ನಿಯಮ. 1917ರಲ್ಲಿ ಆಯೋಗ ಶುರುವಾದಾಗಿನಿಂದ ಹೇಳಿಕೊಂಡು ಬಂದದ್ದು. ಯುರೋಪಿನಲ್ಲಿ ಬಹುಮಟ್ಟಿಗೆ ಹಾಗೇ ನಡೆಯಿತು. ಹೊರಗೆ ನಡೆಯಲಿಲ್ಲ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಅಧಿಕಾರಿಗಳ ಹೆಸರು ಕೆತ್ತಿದರು, ಭಾರತೀಯ ಸಾಮಾನ್ಯ ಸಿಪಾಯಿಗಳನ್ನು ಮಾತ್ರ ಆಯಾ ರೆಜಿಮೆಂಟಿನ ಕೆಳಗೆ ಬರೀ ಸಂಖ್ಯೆಯಾಗಿ ಬರೆದರು. ಇಂಥ ಪಡೆಯ ಇಷ್ಟು ಜನ, ಅಷ್ಟೇ. 2021ರ ಏಪ್ರಿಲ್‌ನಲ್ಲಿ ಆಯೋಗವೇ ಒಂದು ವರದಿ ಹೊರತಂದು ಇದನ್ನು ಒಪ್ಪಿಕೊಂಡಿತು. ಆಫ್ರಿಕಾ, ಏಷ್ಯಾ, ಮಧ್ಯಪ್ರಾಚ್ಯ, ಕೆರಿಬಿಯನ್ ಮೂಲದ 45,000ದಿಂದ 54,000 ಜನರ ಸ್ಮರಣೆಯಲ್ಲಿ ತಾರತಮ್ಯ ಆಗಿದೆ, ಕನಿಷ್ಠ 1,16,000 ಜನರ ಹೆಸರನ್ನು ಎಲ್ಲೂ ಬರೆದೇ ಇಲ್ಲ, ಇವರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾ ಮತ್ತು ಈಜಿಪ್ಟಿನವರು ಅಂತ ಅದರಲ್ಲಿದೆ. ಬ್ರಿಟನ್ನಿನ ರಕ್ಷಣಾ ಸಚಿವರು ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಸತ್ತು ನೂರು ವರ್ಷ ಆದ ಮೇಲೆ!

ಹೀಗಿರುವಾಗ ಒಬ್ಬ ಭಾರತೀಯಳು ಆಫೀಸಿನಲ್ಲಿ ಆ ಹೂ ಹಾಕಿಕೊಂಡು, ಯಾರಾದರೂ ಕೇಳಿದರೆ "ನಮ್ಮೂರಿನ ಕಡೆಯ ಕುದುರೆ ಪಡೆಯವರು ಹೈಫಾದಲ್ಲಿ ಹೋರಾಡಿದ್ದರು, ಅವರ ನೆನಪಿಗೆ" ಅಂತ ಹೇಳಿದರೆ ಅದು ಗುಲಾಮಗಿರಿ ಹೇಗಾಗುತ್ತದೆ? ಬಿಟ್ಟುಹೋದ ಹೆಸರನ್ನು ಪಟ್ಟಿಗೆ ಸೇರಿಸಿದ ಹಾಗೆ ಆಗುತ್ತದೆ. ಈ ದೃಷ್ಟಿಯಿಂದಲೇ ನಾನು ಹಾಕಿಕೊಳ್ಳಿ ಅನ್ನುತ್ತಿರುವುದು.

ಸಾದಾ ಪಾಪ್ಪಿ ಮನಸ್ಸಿಗೆ ಒಗ್ಗದಿದ್ದರೆ ಬೇರೆ ದಾರಿಯೂ ಇದೆ. ಯುದ್ಧ ಮುಗಿದು ನೂರು ವರ್ಷ ತುಂಬಿದ 2018ರಲ್ಲಿ ಲೀಜನ್‌ನವರು ಭಾರತೀಯ ಸೈನಿಕರ ನೆನಪಿಗೆ ಅಂತಲೇ ಖಾದಿ ಬಟ್ಟೆಯ ಪಾಪ್ಪಿ ತಂದರು. ಖಾದಿ ಯಾಕೆ ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ದೆಹಲಿಯ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಷನ್ ಆಫ್ ಇಂಡಿಯಾ ನಮ್ಮ ಚೆಂಡು ಹೂವನ್ನು ಭಾರತದ ಸ್ಮರಣೆಯ ಹೂ ಮಾಡಬೇಕು ಅಂತ ಮುಂದೆ ಬಂತು. ನನಗಂತೂ ಇದು ತುಂಬಾ ಇಷ್ಟವಾಯಿತು. ದೇವರಿಗೂ ಅದೇ, ಹೆಣಕ್ಕೂ ಅದೇ, ಹೊಸ ಲಾರಿಗೂ ಅದೇ ಹೂ ಹಾಕುವ ದೇಶ ನಮ್ಮದು. ಒಂದು ಸಣ್ಣ ಚೆಂಡು ಹೂವನ್ನು ಪಾಪ್ಪಿಯ ಪಕ್ಕ ಸಿಕ್ಕಿಸಿಕೊಂಡು ಹೋದರೆ ಯಾರೂ ಬೇಡ ಅನ್ನುವುದಿಲ್ಲ.

ಬೇರೆ ದೇಶದವರೂ ಅವರವರ ಹೂ ಆರಿಸಿಕೊಂಡಿದ್ದಾರೆ. ಫ್ರಾನ್ಸಿನಲ್ಲಿ ನೀಲಿ ಕಾರ್ನ್‌ಫ್ಲವರ್, ಅದೂ ಪಾಪ್ಪಿಯ ಹಾಗೆ ಹೊಲದ ಕಳೆಯೇ. ಆಸ್ಟ್ರೇಲಿಯಾದವರು ಏಪ್ರಿಲ್ 25ರ ಆನ್ಜಾಕ್ ದಿನ ರೋಸ್‌ಮೆರಿ ಕಡ್ಡಿ ಸಿಕ್ಕಿಸಿಕೊಳ್ಳುತ್ತಾರೆ. ಬೋಸ್ನಿಯಾದವರು 1995ರ ಜುಲೈ 11ರ ಸ್ರೆಬ್ರೆನಿಟ್ಸಾ ಹತ್ಯಾಕಾಂಡದ ನೆನಪಿಗೆ ಬಿಳಿ ದಳ, ಹಸಿರು ನಡುವಿನ ಹೂ ಧರಿಸುತ್ತಾರೆ. ಹನ್ನೊಂದು ದಳ, ಆ ತಾರೀಖಿಗೆ. ಕೈಯಲ್ಲಿ ಹೆಣೆದದ್ದು.

ಬಿಳಿ ಪಾಪ್ಪಿ ಅಂದಿರಲ್ಲ, ಅದಕ್ಕೂ ಹಳೆಯ ಇತಿಹಾಸ ಇದೆ. 1933ರಲ್ಲಿ ಬ್ರಿಟನ್ನಿನ ಸಹಕಾರಿ ಮಹಿಳಾ ಸಂಘದವರು ಶುರು ಮಾಡಿದ್ದು. ಅವರಲ್ಲಿ ಎಷ್ಟೋ ಜನ ಗಂಡ, ಮಗ, ಅಣ್ಣ ತಮ್ಮಂದಿರನ್ನು ಯುದ್ಧದಲ್ಲಿ ಕಳೆದುಕೊಂಡವರು. ಇನ್ನೊಂದು ಯುದ್ಧ ಬರುತ್ತಿದೆ ಅನ್ನುವ ಭಯ ಅವರಿಗಿತ್ತು, ಬಂತೂ ಕೂಡ. ಈಗ ಪೀಸ್ ಪ್ಲೆಡ್ಜ್ ಯೂನಿಯನ್ ಅದನ್ನು ಹಂಚುತ್ತದೆ. ಸೈನಿಕರು ಮಾತ್ರ ಅಲ್ಲ, ಬಾಂಬಿಗೆ ಸಿಕ್ಕ ಜನಸಾಮಾನ್ಯರು, ಎದುರಾಳಿ ದೇಶದವರು, ಎಲ್ಲರನ್ನೂ ನೆನೆಯೋಣ, ಯುದ್ಧ ಬೇಡ ಅನ್ನೋಣ ಅನ್ನುವುದು ಅದರ ಅರ್ಥ. ಕೆಂಪು ಹೂ ಹಾಕುವ ಕೆಲವರಿಗೆ ಇದು ಅವಮಾನ ಮಾಡಿದ ಹಾಗೆ ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಮೆಕ್‌ಕ್ರೇ ಪದ್ಯದ ಕೊನೆಯ ಭಾಗದಲ್ಲಿ ಶತ್ರುವಿನ ಮೇಲಿನ ಹೋರಾಟ ಬಿಡಬೇಡಿ ಅಂತ ಸತ್ತವರೇ ಹೇಳುವ ಮಾತಿದೆ, ಓದಿದರೆ ಬಿಳಿ ಹೂ ಯಾಕೆ ಬೇಕಾಯಿತು ಅಂತ ಗೊತ್ತಾಗುತ್ತದೆ. ಎರಡನ್ನೂ ಒಟ್ಟಿಗೆ ಹಾಕಿಕೊಳ್ಳುವವರೂ ಇದ್ದಾರೆ.

ಇನ್ನು ಹಾಕಿಕೊಳ್ಳದೇ ಇರುವವರ ಬಗ್ಗೆ. ನಿಮ್ಮ ಆಫೀಸಿನಲ್ಲಿ ಐರ್ಲೆಂಡಿನವರು ಯಾರಾದರೂ ಹೂ ಹಾಕದಿದ್ದರೆ ಅವರನ್ನು ಯಾಕೆ ಅಂತ ಕೆದಕಬೇಡಿ. ಫುಟ್‌ಬಾಲ್ ಆಟಗಾರ ಜೇಮ್ಸ್ ಮೆಕ್ಲೀನ್ ಇಂಗ್ಲೆಂಡಿನ ಕ್ಲಬ್‌ಗಳಲ್ಲಿ ಆಡುವಾಗ ಪಾಪ್ಪಿ ಇರುವ ಅಂಗಿ ಹಾಕಲು ಒಪ್ಪಲಿಲ್ಲ, ವರ್ಷಗಟ್ಟಲೆ ಬೈಗುಳ ತಿಂದರು. ಎರಡು ಮಹಾಯುದ್ಧಗಳಿಗೆ ಮಾತ್ರ ಆಗಿದ್ದರೆ ಹಾಕಿಕೊಳ್ಳುತ್ತಿದ್ದೆ ಅಂತ ಅವರೇ 2014ರಲ್ಲಿ ಕ್ಲಬ್ ಮಾಲೀಕರಿಗೆ ಪತ್ರ ಬರೆದಿದ್ದರು. ಅವರ ಊರು ಉತ್ತರ ಐರ್ಲೆಂಡಿನ ಡೆರ್ರಿ. 1972ರ ಜನವರಿ 30ರಂದು ಬ್ರಿಟಿಷ್ ಪ್ಯಾರಾಟ್ರೂಪರ್‌ಗಳು ಅಲ್ಲಿ ಮೆರವಣಿಗೆ ಹೊರಟ ಜನರ ಮೇಲೆ ಗುಂಡು ಹಾರಿಸಿ 13 ಜನರನ್ನು ಅವತ್ತೇ ಕೊಂದರು, ಆಮೇಲೆ ಇನ್ನೊಬ್ಬರು ತೀರಿಕೊಂಡರು. ಆ ಸೈನ್ಯಕ್ಕೂ ಸೇರಿದ ಹೂವನ್ನು ಅವರು ಎದೆಯ ಮೇಲೆ ಹೇಗೆ ಇಟ್ಟುಕೊಳ್ಳಬೇಕು? ಇನ್ನೊಂದು ಕಡೆಯ ನೋವೂ ಇದೆ. 1987ರ ನವೆಂಬರ್ 8ರಂದು ಉತ್ತರ ಐರ್ಲೆಂಡಿನದೇ ಎನಿಸ್‌ಕಿಲ್ಲೆನ್‌ನಲ್ಲಿ ಸ್ಮಾರಕದ ಎದುರು ನಮನಕ್ಕೆ ಸೇರಿದ್ದ ಜನರ ಮಧ್ಯೆ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಐಆರ್‌ಎ ಅನ್ನುವ ಸಶಸ್ತ್ರ ಗುಂಪಿನ ಬಾಂಬ್ ಸಿಡಿದು 11 ಜನ ಸತ್ತರು. ಹಾಗಾಗಿ ಅಲ್ಲಿ ಹಾಕುವುದಕ್ಕೂ ಅರ್ಥ ಇದೆ, ಹಾಕದಿರುವುದಕ್ಕೂ ಅರ್ಥ ಇದೆ.

ಬ್ರಿಟನ್ನಿನಲ್ಲಿ ಇತ್ತೀಚೆಗೆ ಟಿವಿಯಲ್ಲಿ ಯಾರ ಕೋಟಿನ ಮೇಲೆ ಹೂ ಇದೆ, ಯಾರದ್ದರಲ್ಲಿ ಇಲ್ಲ ಅಂತ ಹುಡುಕುವ ಚಾಳಿ ಶುರುವಾಗಿದೆ. 2006ರಲ್ಲೇ ಸುದ್ದಿ ನಿರೂಪಕ ಜಾನ್ ಸ್ನೋ ಇದನ್ನು ಖಂಡಿಸಿದ್ದರು. ಇದು ನನಗೂ ಸರಿ ಕಾಣುವುದಿಲ್ಲ. ಹೆದರಿಸಿ ಹಾಕಿಸಿದ ಹೂವಿನಿಂದ ಸತ್ತವರಿಗೆ ಯಾವ ಗೌರವವೂ ಸಿಗುವುದಿಲ್ಲ. ಆಫೀಸಿನಲ್ಲಿ ಯಾರಾದರೂ ಒತ್ತಾಯ ಮಾಡಿದರೆ "ನಾನು ಮನಸ್ಸಿನಲ್ಲೇ ನೆನೆಯುತ್ತೇನೆ" ಅಂತ ಹೇಳಿ ಸುಮ್ಮನಾಗಿ, ಅಷ್ಟು ಸಾಕು.

ನಿಯಮ ಕೇಳಿದ್ದಿರಿ. ಬರೆದಿಟ್ಟ ನಿಯಮ ಯಾವುದೂ ಇಲ್ಲ. ಅಕ್ಟೋಬರ್ ಕೊನೆಯಿಂದ ನವೆಂಬರ್ 11ರವರೆಗೆ ಹಾಕುತ್ತಾರೆ, ನವೆಂಬರ್ ಎರಡನೇ ಭಾನುವಾರ ದೊಡ್ಡ ಕಾರ್ಯಕ್ರಮ ಇರುತ್ತದೆ. ಎಡಗಡೆ ಎದೆಗೆ ಸಿಕ್ಕಿಸುವುದು ರೂಢಿ, ಎಲೆ ಗಡಿಯಾರದ 11ರ ಕಡೆ ಇರಬೇಕು, ಗಂಡಸರು ಒಂದು ಕಡೆ ಹೆಂಗಸರು ಒಂದು ಕಡೆ ಅಂತೆಲ್ಲಾ ಹೇಳುವವರು ಸಿಗುತ್ತಾರೆ, ತಲೆ ಕೆಡಿಸಿಕೊಳ್ಳಬೇಡಿ. ಸಿಖ್ಖರು ಪಗಡಿಗೆ ಸಿಕ್ಕಿಸುತ್ತಾರೆ, ನೀವು ದುಪಟ್ಟಾಕ್ಕೂ ಸಿಕ್ಕಿಸಬಹುದು. ಕಾಗದದ ಹೂವಿಗೆ ಇಷ್ಟೇ ಅಂತ ಬೆಲೆ ಇಲ್ಲ, ಕೈಲಾದಷ್ಟು ಡಬ್ಬಿಗೆ ಹಾಕಿದರಾಯಿತು. ಆ ಹಣ ಬ್ರಿಟಿಷ್ ಸೇನೆಯ ಹಾಲಿ, ಮಾಜಿ ಸೈನಿಕರಿಗೆ ಮತ್ತು ಅವರ ಮನೆಯವರಿಗೆ ಹೋಗುತ್ತದೆ, ಅದರಲ್ಲಿ ಇರಾಕ್, ಅಫ್ಘಾನಿಸ್ತಾನದಲ್ಲಿ ಹೋರಾಡಿದವರೂ ಬರುತ್ತಾರೆ. ಇದನ್ನು ಮುಚ್ಚಿಡಬಾರದು ಅಂತ ಹೇಳುತ್ತಿದ್ದೇನೆ, ನಿಮ್ಮ ಗಂಡ ತೀರ್ಮಾನ ಮಾಡುವಾಗ ಇದೂ ಗೊತ್ತಿರಲಿ. 2023ರಿಂದ ಪ್ಲಾಸ್ಟಿಕ್ ಇಲ್ಲದ ಪೂರ್ತಿ ಕಾಗದದ ಪಾಪ್ಪಿ ಬಂದಿದೆ, ಆಮೇಲೆ ಹಳೇ ಪೇಪರ್ ಜೊತೆ ಹಾಕಬಹುದು.

ಮಗಳು ಕೇಳಿದರೆ ಖಂಡಿತ ಕೊಡಿಸಿ, ಆದರೆ ಕಥೆ ಹೇಳದೆ ಕೊಡಬೇಡಿ. ಎಂಟು ವರ್ಷದ ಮಗುವಿಗೆ ಗ್ಯಾಸ್, ಮಷಿನ್ ಗನ್ ಎಲ್ಲಾ ಬೇಡ. ಊರು ಬಿಟ್ಟು, ಹಡಗು ಹತ್ತಿ, ಚಳಿ ನೋಡಿಯೇ ಇರದ ಹುಡುಗರು ದೂರ ದೇಶಕ್ಕೆ ಹೋದರು, ಎಷ್ಟೋ ಜನ ಮನೆಗೆ ವಾಪಸ್ ಬರಲಿಲ್ಲ, ಅವರಲ್ಲಿ ನಮ್ಮವರೂ ಇದ್ದರು ಅಂದರೆ ಸಾಕು. ಆಮೇಲೆ ಸಮಾಧಿ ಆಯೋಗದ ವೆಬ್‌ಸೈಟಿನಲ್ಲಿ ಅವಳ ಜೊತೆ ಕೂತು ಬ್ರೈಟನ್ ಛತ್ರಿಯ ಸೈನಿಕರಲ್ಲಿ ಒಬ್ಬರ ಹೆಸರು ಹುಡುಕಿ. ಹೆಸರು, ಪಡೆ, ಸತ್ತ ದಿನ ಸಿಗುತ್ತದೆ. ಕೆಲವು ಕಡೆ ತಂದೆಯ ಹೆಸರು, ಹಳ್ಳಿಯ ಹೆಸರೂ ಇರುತ್ತದೆ. ಶಾಲೆಯಲ್ಲಿ ಟೀಚರ್ ಕೇಳಿದಾಗ ಅವಳು ಆ ಹೆಸರು ಹೇಳಲಿ. ಅವಳ ಕ್ಲಾಸಿನ ಇಂಗ್ಲಿಷ್ ಮಕ್ಕಳಿಗೂ ಅದು ಹೊಸ ವಿಷಯವೇ ಆಗಿರುತ್ತದೆ.

ನಮ್ಮಲ್ಲಿ ಇಂಥದ್ದು ಇಲ್ವಾ ಅಂದಿರಿ. ಯುದ್ಧದಲ್ಲಿ ಸತ್ತವರನ್ನು ಹೆಸರಿಟ್ಟು ನೆನೆಯುವುದು ಕನ್ನಡ ನಾಡಿಗೆ ಸಾವಿರ ವರ್ಷಕ್ಕಿಂತ ಹಳೆಯ ರೂಢಿ. ಹಾಸನ ಜಿಲ್ಲೆಯಲ್ಲಂತೂ ಊರೂರಿಗೆ ವೀರಗಲ್ಲುಗಳಿವೆ, ನೀವು ಚಿಕ್ಕವರಿದ್ದಾಗ ಯಾವುದಾದರೂ ಗುಡಿಯ ಹತ್ತಿರ ನೋಡಿಯೇ ಇರುತ್ತೀರಿ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೆ ಕರೆದೊಯ್ಯುವುದು, ಮೇಲೆ ಶಿವಲಿಂಗದ ಎದುರು ಅವನು ಕೂತಿರುವುದು, ತುದಿಯಲ್ಲಿ ಸೂರ್ಯ ಚಂದ್ರ. ಬೆಂಗಳೂರು ಅನ್ನುವ ಹೆಸರು ನಮಗೆ ಮೊದಲು ಸಿಗುವುದೇ ಸುಮಾರು 890ರ ಬೇಗೂರಿನ ವೀರಗಲ್ಲಿನಲ್ಲಿ. ಊರಿನ ದನ ಬಿಡಿಸಲು ಹೋಗಿ ಸತ್ತ ಸಾಮಾನ್ಯ ಆಳಿಗೂ ಕಲ್ಲು ನೆಟ್ಟರು, ಹೆಸರು ಬರೆದರು. ಬಸ್ರಾದಲ್ಲಿ ಮಾಡಿದ ಹಾಗೆ ಸಂಖ್ಯೆ ಬರೆಯಲಿಲ್ಲ.

ಎದೆಗೆ ಸಿಕ್ಕಿಸಿಕೊಳ್ಳುವ ಗುರುತೂ ನಮ್ಮಲ್ಲಿದೆ. ಡಿಸೆಂಬರ್ 7, ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆಯುತ್ತಿದೆ. ಕೆಂಪು, ಕಡು ನೀಲಿ, ತಿಳಿ ನೀಲಿ ಪಟ್ಟಿಯ ಸಣ್ಣ ಕಾಗದದ ಬಾವುಟ, ಭೂಸೇನೆ, ನೌಕಾಸೇನೆ, ವಾಯುಸೇನೆ ಮೂರಕ್ಕೂ ಒಂದೊಂದು ಬಣ್ಣ. ಶಾಲೆಯಲ್ಲಿ ಚಿಲ್ಲರೆ ಕೊಟ್ಟು ಅಂಗಿಗೆ ಗುಂಡುಪಿನ್ನಿನಲ್ಲಿ ಚುಚ್ಚಿಕೊಂಡದ್ದು ನಮ್ಮ ಕಾಲದವರಿಗೆಲ್ಲಾ ನೆನಪಿದೆ, ಅದು ಏನು ಅಂತ ಮಾತ್ರ ಯಾರೂ ಸರಿಯಾಗಿ ಹೇಳಿಕೊಟ್ಟಿರಲಿಲ್ಲ. ಯುದ್ಧದಲ್ಲಿ ಸತ್ತವರ ಹೆಂಡತಿ ಮಕ್ಕಳು, ಅಂಗ ಕಳೆದುಕೊಂಡ ಸೈನಿಕರು, ನಿವೃತ್ತರು ಇವರಿಗೆ ಆ ಹಣ ಹೋಗುತ್ತದೆ. ಕೇಂದ್ರೀಯ ಸೈನಿಕ ಮಂಡಳಿಯ ವೆಬ್‌ಸೈಟಿನಲ್ಲಿ ಧ್ವಜ ದಿನ ನಿಧಿಗೆ ಹಣ ಕಟ್ಟಬಹುದು. ಊರಿನಲ್ಲಿ ನಿಮ್ಮ ಅಪ್ಪ ಅಮ್ಮ ಇದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲೂ ಕೊಡಬಹುದು.

ನವೆಂಬರ್ 11 ಆಗಿ ಒಂದು ತಿಂಗಳೊಳಗೆ ಈ ದಿನ ಬರುತ್ತದೆ. ಪಾಪ್ಪಿ ತೆಗೆದಿಟ್ಟ ಮೇಲೆ ಮಗಳ ಕೈಯಲ್ಲೇ ಒಂದು ಮೂರು ಬಣ್ಣದ ಬಾವುಟ ಮಾಡಿಸಿ, ಡಿಸೆಂಬರ್ 7ಕ್ಕೆ ನಿಮ್ಮ ಗಂಡನ ಕೋಟಿಗೆ ಸಿಕ್ಕಿಸಿ ಕಳಿಸಿ. ಅವರು ಅದಕ್ಕಂತೂ ಬೇಡ ಅನ್ನುವುದಿಲ್ಲ, ಮತ್ತೆ ಅವರ ಆಫೀಸಿನವರು ಅದೇನು ಅಂತ ಕೇಳಿಯೇ ಕೇಳುತ್ತಾರೆ.